ಶಬ್ಬಾತ್ ದಿನ ವೀಲ್‌ಚೇರ್ ತಳ್ಳುವವರು ಯಾರು? ಇಸ್ರೇಲಿನ ಸಿನಗಾಗ್ ಕಮಿಟಿಯವರಿಗೆ ಒಂದು ಬಹಿರಂಗ ಪತ್ರ

ಇಸ್ರೇಲಿನ ಊರೂರ ಸಿನಗಾಗ್ ಕಮಿಟಿಯವರಿಗೆ, ರಬ್ಬಿಗಳಿಗೆ, ಗಬ್ಬಾಯಿಗಳಿಗೆ (ನಮ್ಮೂರಿನವರಿಗೆ ಅರ್ಥ ಆಗ್ಲಿಕ್ಕೆ ಹೇಳುದಾದ್ರೆ ಸಿನಗಾಗ್ ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ, ರಬ್ಬಿ ಅಂದ್ರೆ ಅವರ ಧರ್ಮಗುರು, ಗಬ್ಬಾಯಿ ಅಂದ್ರೆ ದೇವಸ್ಥಾನದ ಮೊಕ್ತೇಸರರ ಹಾಗೆ), ಮತ್ತೆ ನಗರಸಭೆಯಲ್ಲಿ ಈ ಕಟ್ಟಡಗಳ ವಿಷಯ ನೋಡುವ ಎಲ್ಲರಿಗೂ,

ಶಾಲೋಮ್, ನಮಸ್ಕಾರ.

ನಾನು ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನವಳು, ನಿಮ್ಮ ದೇಶದಲ್ಲಿ ಕೇರ್‌ಗಿವರ್ ಆಗಿ ಕೆಲಸ ಮಾಡ್ತಾ ಇದ್ದೇನೆ, ನೀವು ಮೆತಪೆಲೆತ್ ಅಂತ ಕರೀತೀರಲ್ಲ, ಅದು. ನನ್ನ ಹೀಬ್ರೂ ಮಾತ್ರೆ, ಸೂಪು, ಡೈಪರು, ಡಾಕ್ಟರ ಅಪಾಯಿಂಟ್‌ಮೆಂಟ್ ಇಷ್ಟಕ್ಕೆ ಸಾಕಾಗ್ತದೆ, ಇಷ್ಟು ದೊಡ್ಡ ವಿಷಯ ಹೇಳ್ಲಿಕ್ಕೆ ಸಾಕಾಗುದಿಲ್ಲ, ಹಾಗಾಗಿ ಕನ್ನಡದಲ್ಲಿ ಬರೀತಿದ್ದೇನೆ, ಹೀಬ್ರೂಗೆ ಮಾಡಿ ಕೊಡ್ತೇನೆ ಅಂತ ಒಬ್ಬರು ಒಪ್ಪಿದ್ದಾರೆ. ಮತ್ತೆ ಇಲ್ಲಿರುವ ನಮ್ಮ ಮಂಗಳೂರು ಉಡುಪಿ ಕಡೆಯವರೂ ಓದ್ಲಿ, ಅವರ ಮನೆಯವರೂ ಓದ್ಲಿ ಅಂತ ಆಸೆ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಸುರು ಆಗುವಾಗ ಸುಮಾರು 18,000 ಭಾರತೀಯರು ಇಸ್ರೇಲಿನಲ್ಲಿದ್ರು, ಅದರಲ್ಲಿ ಹೆಚ್ಚಿನವರು ಯಾರದ್ದೋ ಅಪ್ಪನನ್ನು ಅಮ್ಮನನ್ನು ಮಗಳನ್ನು ನೋಡಿಕೊಳ್ಳುವ ನಮ್ಮಂಥವರೇ. ಊರಲ್ಲಿ "ಇಸ್ರೇಲಿಗೆ ಹೋದವಳು" ಅಂದ್ರೆ ದುಡ್ಡಿನ ಲೆಕ್ಕ ಮಾತ್ರ ನೋಡ್ತಾರೆ, ಇಲ್ಲಿ ಮನೆಯೊಳಗೆ ಎಂತ ಕೆಲಸ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ನಾನಿರುವ ಊರು, ಬೀದಿ, ಅಲ್ಲಿನ ಸಿನಗಾಗ್ ಇದರ ಹೆಸರು ಬರೆಯುದಿಲ್ಲ. ಯಾರ ಮೇಲೂ ದೂರು ಕೊಡ್ಲಿಕ್ಕೆ ಅಲ್ಲ ಈ ಪತ್ರ.

ಮನೆಯಲ್ಲಿ ಇಬ್ಬರು. ಒಬ್ಬರು ಎಂಬತ್ತು ದಾಟಿದ ಅಮ್ಮ, ನಾನು ಸಾವ್ತಾ ಅಂತ ಕರೆಯುದು, ಅಜ್ಜಿ ಅಂತ. ಇನ್ನೊಬ್ಬರು ಅವರ ಮಗಳು, ಹುಟ್ಟುವಾಗಲೇ ಸೆರೆಬ್ರಲ್ ಪಾಲ್ಸಿ, ಅಂದ್ರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರುದಿಲ್ಲ, ಮಾತು ಸ್ವಲ್ಪ ಎಳೆದೆಳೆದು ಬರ್ತದೆ ಆದ್ರೆ ಬುದ್ಧಿ ಭಾರೀ ಚುರುಕು, ಪ್ರಾರ್ಥನೆ ಪುಸ್ತಕದ ಅರ್ಧ ಬಾಯಿಪಾಠ. ನಾನು ಬರುವವರೆಗೆ ಇಷ್ಟು ವರ್ಷ ಅವರನ್ನು ಎತ್ತಿದ್ದು ಮಲಗಿಸಿದ್ದು ಸ್ನಾನ ಮಾಡಿಸಿದ್ದು ಎಲ್ಲ ಈ ಸಾವ್ತಾನೇ. ರಾತ್ರಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ರೆ ಬೆಡ್‌ಸೋರ್ ಆಗ್ತದೆ, ಅಂದ್ರೆ ಆ ಅಮ್ಮ ಸರಿಯಾಗಿ ನಿದ್ದೆ ಮಾಡದೆ ಎಷ್ಟು ಕಾಲ ಆಯ್ತು ಅಂತ ನೀವೇ ಯೋಚನೆ ಮಾಡಿ. ಕೇರ್‌ಗಿವರ್ ಅಂದ ಕೂಡಲೇ ಎಲ್ಲರೂ ನಮ್ಮನ್ನು, ಪರದೇಶದಿಂದ ಬಂದವರನ್ನು ನೆನಪು ಮಾಡ್ತಾರೆ. ಮೊದಲ ಕೇರ್‌ಗಿವರ್ ಆ ಅಮ್ಮ, ನಾನು ಎರಡನೆಯವಳು.

ನನ್ನ ವಾರದ ರಜೆ ಶನಿವಾರ, ಯಹೂದಿಗಳ ಶಬ್ಬಾತ್, ಅಂದ್ರೆ ಅವರ ವಿಶ್ರಾಂತಿ ದಿನ. ಶುಕ್ರವಾರ ಸಂಜೆ ಹೊರಟರೆ ಶನಿವಾರ ಸಂಜೆ ವಾಪಸ್. ಜಾಫಾದ ಇಗರ್ಜಿಯಲ್ಲಿ ನಮ್ಮಂಥ ಕೆಲಸದವರಿಗಾಗಿ ಶನಿವಾರವೇ ಪೂಜೆ ಇಡ್ತಾರೆ, ಇಡೀ ದೇಶಕ್ಕೆ ಆ ದಿನ ರಜೆ ಅಲ್ವಾ, ಅಲ್ಲಿ ಹೋದ್ರೆ ಕೊಂಕಣಿ ಮಾತಾಡುವವರು, ತುಳು ಮಾತಾಡುವವರು ಸಿಗ್ತಾರೆ, ಒಟ್ಟಿಗೆ ಅನ್ನ ಮೀನು ಸಾರು ಮಾಡ್ತೇವೆ, ಮನೆಗೆ ವಿಡಿಯೋ ಕಾಲ್ ಮಾಡ್ತೇವೆ, ಒಬ್ಬರ ಕಷ್ಟ ಒಬ್ಬರು ಕೇಳ್ತೇವೆ. ಗಂಡ ಮಕ್ಕಳನ್ನು ಕರ್ಕೊಂಡು ಬರ್ಲಿಕ್ಕೆ ಈ ವೀಸಾದಲ್ಲಿ ಬಿಡುದಿಲ್ಲ, ಹಾಗಾಗಿ ವಾರದ ಆ ಒಂದು ದಿನ ಇಲ್ಲದಿದ್ರೆ ತಲೆ ಕೆಡ್ತದೆ.

ಈಗ ಸಮಸ್ಯೆ ನೋಡಿ. ಸಾವ್ತಾನ ಮಗಳಿಗೆ ಸಿನಗಾಗಿಗೆ ಹೋಗ್ಬೇಕು ಅಂತ ಇರುದು ಯಾವ ದಿನ? ಶನಿವಾರ. ಅವರನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗುವವಳು ಇಲ್ಲದ ದಿನ ಯಾವುದು? ಅದೇ ಶನಿವಾರ. ಸಾವ್ತಾನ ಕೈಯಲ್ಲಿ ಆಗುದಿಲ್ಲ, ಅವರಿಗೇ ಕೋಲು ಬೇಕು. ಅಂದ್ರೆ ಒಂದೋ ನಾನು ನನ್ನ ಪೂಜೆ ಬಿಡ್ಬೇಕು, ಇಲ್ಲದಿದ್ರೆ ಅವರು ಅವರ ಪ್ರಾರ್ಥನೆ ಬಿಡ್ಬೇಕು. ಇಬ್ಬರದ್ದೂ ದೇವರ ವಿಷಯ. ಎಷ್ಟೋ ಮನೆಗಳಲ್ಲಿ ಇದಕ್ಕೇ ಜಗಳ, ಮನೆಯವರು "ಇದೊಂದು ವಾರ ಇರು" ಅಂತಾರೆ, ಹುಡುಗಿ ಇರ್ತಾಳೆ, ಮತ್ತೆ ಮುಂದಿನ ವಾರವೂ ಅದೇ, ಒಳಗೊಳಗೇ ಬೇಜಾರು ಬೆಳೀತದೆ, ಕೊನೆಗೆ ಅವಳು ಮನೆ ಬಿಟ್ಟು ಬೇರೆ ಕಡೆ ಹೋಗ್ತಾಳೆ, ಆ ಮನೆಯಲ್ಲಿ ಕಷ್ಟದಲ್ಲಿ ಇರುವವರಿಗೆ ಪುನಃ ಹೊಸಬರನ್ನು ಒಗ್ಗಿಸಿಕೊಳ್ಳುವ ತಾಪತ್ರಯ. ಎರಡೂ ಕಡೆಯವರು ಒಳ್ಳೆಯವರೇ ಆಗಿದ್ರೂ ಹೀಗಾಗ್ತದೆ, ಅದನ್ನೇ ನಿಮಗೆ ಹೇಳ್ಬೇಕು ಅಂತ ಇದ್ದದ್ದು.

ಮೋಶೆಯ ಹತ್ತು ಆಜ್ಞೆ ನಾವೂ ಚಿಕ್ಕಂದಿನಿಂದ ಕಲಿತದ್ದು. ಅದರಲ್ಲಿ ಶಬ್ಬಾತ್ ಆಜ್ಞೆ ಪೂರ್ತಿ ಓದಿದ್ರೆ ನೀನು, ನಿನ್ನ ಮಗ, ಮಗಳು ಅಂತ ಹೇಳಿ ಅಲ್ಲಿಗೆ ನಿಲ್ಲಿಸುದಿಲ್ಲ, ನಿನ್ನ ಕೆಲಸದವರು, ನಿನ್ನ ಊರೊಳಗಿರುವ ಪರದೇಶದವರು ಸಹ ಆ ದಿನ ಕೆಲಸ ಮಾಡ್ಬಾರದು ಅಂತ ಉಂಟು. ಮೂರು ಸಾವಿರ ವರ್ಷದ ಕೆಳಗೆ ಇಷ್ಟು ಸ್ಪಷ್ಟವಾಗಿ ಬರೆದಿಟ್ಟವರು ನಿಮ್ಮ ಹಿರಿಯರು, ಇದಕ್ಕೆ ನನಗೆ ತುಂಬಾ ಗೌರವ ಉಂಟು. ಹಾಗೇ ಯಾಜಕಕಾಂಡ 19ನೇ ಅಧ್ಯಾಯದಲ್ಲಿ ಕುರುಡರ ದಾರಿಯಲ್ಲಿ ಎಡವುವ ವಸ್ತು ಇಡ್ಬೇಡ ಅಂತ ಉಂಟು. ಈ ಎರಡು ಮಾತು ಒಂದಕ್ಕೊಂದು ಅಡ್ಡ ಬರುವ ಹಾಗೆ ಇವತ್ತು ನಮ್ಮ ಮನೆಗಳಲ್ಲಿ ಆಗ್ತಿದೆ, ಒಂದನ್ನು ಉಳಿಸಿದ್ರೆ ಇನ್ನೊಂದು ಹೋಗ್ತದೆ. ಇದನ್ನು ಬಿಡಿಸ್ಲಿಕ್ಕೆ ಸರ್ಕಾರದಿಂದ ಆಗುದಿಲ್ಲ. ಬಿತುವಾಹ್ ಲೇಉಮಿ (ಸರ್ಕಾರದ ರಾಷ್ಟ್ರೀಯ ವಿಮಾ ಸಂಸ್ಥೆ) ಭತ್ಯೆ ಕೊಡ್ತದೆ, 1998ರಲ್ಲೇ ಅಂಗವಿಕಲರ ಸಮಾನ ಹಕ್ಕಿನ ಕಾನೂನು ಬಂದಿದೆ, 2005ರಲ್ಲಿ ಅದಕ್ಕೆ ಎಲ್ಲ ಕಡೆ ಓಡಾಡುವ ಅನುಕೂಲ ಮಾಡ್ಬೇಕು ಅಂತ ಸೇರಿಸಿದ್ದಾರೆ, ಒಳ್ಳೆಯದು, ಆದ್ರೆ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಬಾಗಿಲು ತಟ್ಟಿ "ಬನ್ನಿ, ಹೋಗುವ" ಅಂತ ಹೇಳುವವರನ್ನು ಯಾವ ಕಾನೂನೂ ಕಳಿಸುದಿಲ್ಲ. ಅದು ನೆರೆಕರೆಯವರಿಂದ ಮಾತ್ರ ಆಗುವ ಕೆಲಸ. ಮತ್ತೆ ಆ ದಿನ ನಿಮ್ಮ ಬೀದಿಯಲ್ಲಿ ಯಾರಿಗೂ ಆಫೀಸಿಲ್ಲ, ಕಾರಿಲ್ಲ, ಫೋನಿಲ್ಲ. ಅಷ್ಟು ಕೈಗಳು ಬಿಡುವಾಗಿರುವ ದಿನ ವಾರದಲ್ಲಿ ಬೇರೆ ಇಲ್ಲ.

ನಾನು ಕೇಳುದು ಇಷ್ಟು. ಪ್ರತಿ ಸಿನಗಾಗಿನಲ್ಲಿ ಐದಾರು ಜನರ ಒಂದು ಗುಂಪು ಮಾಡಿ, ಗಂಡಸರೂ ಹೆಂಗಸರೂ ಇರ್ಲಿ, ವಾರಕ್ಕೆ ಇಬ್ಬರ ಹಾಗೆ ಪಾಳಿ ಹಾಕಿ. ಅವರು ಮನೆಗೆ ಬಂದು ಹೊಯ್‌ಸ್ಟ್‌ನಲ್ಲಿ (ಮಲಗಿದವರನ್ನು ಜೋಲಿಯಲ್ಲಿ ಎತ್ತುವ ಯಂತ್ರ) ಎತ್ತಿ ಕುರ್ಚಿಯಲ್ಲಿ ಕೂರಿಸಿ ಕರ್ಕೊಂಡು ಹೋಗಿ ಮಧ್ಯಾಹ್ನ ವಾಪಸ್ ಬಿಡ್ಲಿ. ಇದು ಕಲಿಯದೆ ಮಾಡುವ ಕೆಲಸ ಅಲ್ಲ, ಆದ್ರೆ ಕಷ್ಟವೂ ಅಲ್ಲ. ನಮ್ಮ ಮನೆಯಲ್ಲಿರುದು ಕೈಯಲ್ಲಿ ಪಂಪ್ ಹೊಡೆಯುವ ಹೈಡ್ರಾಲಿಕ್ ಹೊಯ್‌ಸ್ಟ್, ಶಬ್ಬಾತ್ ದಿನ ಕರೆಂಟಿನ ವಸ್ತು ಮುಟ್ಟುದಿಲ್ಲ ಅಲ್ವಾ, ಇದಕ್ಕೆ ಕರೆಂಟ್ ಬೇಡ, ಸಾವ್ತಾ ಅವರ ರಬ್ಬಿ ಹತ್ರ ಕೇಳಿಯೇ ತಂದದ್ದು. ಮೊದಲು ಅವರನ್ನು ಒಂದು ಮಗ್ಗುಲಿಗೆ ತಿರುಗಿಸಿ ಬಟ್ಟೆಯ ಜೋಲಿಯನ್ನು ಬೆನ್ನ ಕೆಳಗೆ ಸರಿಸ್ಬೇಕು, ಮತ್ತೆ ಇನ್ನೊಂದು ಮಗ್ಗುಲಿಗೆ ತಿರುಗಿಸಿ ಆಚೆಯಿಂದ ಎಳೀಬೇಕು, ಕಾಲಿನ ಎರಡು ಪಟ್ಟಿ ತೊಡೆಯ ಕೆಳಗಿಂದ ತಂದು ಒಂದರೊಳಗೊಂದು ಹಾಕಿ ಕೊಕ್ಕೆಗೆ ಸಿಕ್ಕಿಸ್ಬೇಕು, ಜೋಲಿಯಲ್ಲಿ ಸುಕ್ಕು ಇರ್ಬಾರದು, ಸುಕ್ಕು ಇದ್ರೆ ಅಲ್ಲೇ ಚರ್ಮ ಕೆಂಪಾಗ್ತದೆ. ಎತ್ತುವ ಮೊದಲು "ಎತ್ತುತ್ತೇನೆ" ಅಂತ ಅವರ ಮುಖ ನೋಡಿ ಹೇಳ್ಬೇಕು. ಹೇಳದೆ ಎತ್ತಿದ್ರೆ ಮೈಯೆಲ್ಲ ಬಿಗಿ ಆಗಿ ಕಾಲು ಕತ್ತರಿ ಹಾಕಿದ ಹಾಗೆ ಸಿಕ್ಕಿಕೊಳ್ತದೆ, ಮತ್ತೆ ಅದು ಸಡಿಲ ಆಗ್ಲಿಕ್ಕೆ ಎಷ್ಟೋ ಹೊತ್ತು ಬೇಕು. ಇದೆಲ್ಲ ಎರಡು ಶುಕ್ರವಾರ ಬಂದು ನನ್ನ ಜೊತೆ ಮಾಡಿ ನೋಡಿದ್ರೆ ಯಾರಿಗೂ ಬರ್ತದೆ.

ರಸ್ತೆಯಲ್ಲಿ ತಳ್ಳಲಿಕ್ಕೆ ಧರ್ಮದ ತೊಂದರೆ ಏನೂ ಇಲ್ಲ ಅಂತ ನಿಮಗೇ ನನಗಿಂತ ಚೆನ್ನಾಗಿ ಗೊತ್ತು, ಇಲ್ಲಿ ಹೆಚ್ಚುಕಡಿಮೆ ಎಲ್ಲ ಊರಲ್ಲೂ ಎರುವ್ ಕಟ್ಟಿದ್ದೀರಿ, ಕಂಬದಿಂದ ಕಂಬಕ್ಕೆ ತಂತಿ ಎಳೆದು, ಆ ಗಡಿಯ ಒಳಗೆ ಶಬ್ಬಾತ್ ದಿನವೂ ಹೊತ್ತುಕೊಂಡು, ತಳ್ಳಿಕೊಂಡು ಹೋಗ್ಬಹುದು. ಕರೆಂಟಿನ ಕುರ್ಚಿ ಮಾತ್ರ ಕಷ್ಟ, ಅದಕ್ಕೂ ತ್ಸೋಮೆತ್ ಅಂತ ಧರ್ಮಕ್ಕೂ ತಂತ್ರಜ್ಞಾನಕ್ಕೂ ಹೊಂದಿಸುವ ಸಂಸ್ಥೆಯವರು ಶಬ್ಬಾತ್‌ಗೆ ಆಗುವ ಹಾಗೆ ವ್ಯವಸ್ಥೆ ಮಾಡಿದ್ದಾರೆ. ತಲೆ ಓಡಿಸಿದ್ರೆ ದಾರಿ ಸಿಗ್ತದೆ ಅಂತ ತೋರಿಸಿಕೊಟ್ಟವರು ನಿಮ್ಮವರೇ.

ಇನ್ನು ಸಿನಗಾಗ್ ಬಾಗಿಲಿಗೆ ಬಂದ ಮೇಲಿನ ಕತೆ. ಮೆಟ್ಟಿಲು. "ಅದಕ್ಕೇನಂತೆ, ನಾವು ನಾಲ್ಕು ಜನ ಎತ್ತಿ ಬಿಡ್ತೇವೆ" ಅಂತ ಓಡಿ ಬರ್ತಾರೆ, ಮನಸ್ಸು ಒಳ್ಳೆಯದೇ, ಆದ್ರೆ ದಯವಿಟ್ಟು ಹಾಗೆ ಎತ್ತಬೇಡಿ. ಹೆಚ್ಚಿನವರು ಕೈ ಹಾಕುದು ಆರ್ಮ್‌ರೆಸ್ಟ್‌ಗೆ, ಅದು ಕಳಚಿ ಬರುವಂಥದ್ದು, ಎತ್ತುವಾಗ ಕೈಗೆ ಬಂದ್ರೆ ಕುರ್ಚಿ ಸಮೇತ ಕೆಳಗೆ. ಚಕ್ರ ಹಿಡಿದ್ರೆ ತಿರುಗ್ತದೆ. ಮತ್ತೆ ಐವತ್ತು ದಾಟಿದ ಒಬ್ಬ ಹೆಂಗಸನ್ನು ಎಲ್ಲರ ಎದುರು ಪರ ಗಂಡಸರು ಹೊತ್ತುಕೊಂಡು ಹೋಗುದು ಅಂದ್ರೆ ಅವರಿಗೆ ಹೇಗಾಗ್ತದೆ? ಒಮ್ಮೆ ಹಾಗೆ ಆದ ಮೇಲೆ ಅವರು ಎಷ್ಟೋ ದಿನ ಹೋಗುದೇ ಬೇಡ ಅಂದ್ರು. ಇಳಿಜಾರು ಮಾಡಿ, ಆದ್ರೆ ಸರಿಯಾಗಿ ಮಾಡಿ. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು. ಆರಾರು ಇಂಚಿನ ಮೂರು ಮೆಟ್ಟಿಲು ಇದ್ರೆ 18 ಅಡಿ ಉದ್ದದ ಇಳಿಜಾರು ಬೇಕಾಗ್ತದೆ, ಕೆಲವು ಕಡೆ ಆರಡಿ ಹಲಗೆ ಇಟ್ಟು ರ‍್ಯಾಂಪ್ ಆಯ್ತು ಅಂತಾರೆ, ಅದರಲ್ಲಿ ಮೇಲೆ ತಳ್ಳಲಿಕ್ಕೂ ಆಗುದಿಲ್ಲ, ಇಳಿಯುವಾಗ ಕುರ್ಚಿ ನಮ್ಮನ್ನೇ ಎಳ್ಕೊಂಡು ಹೋಗ್ತದೆ.

ಅದೂ ಆಯ್ತು, ಒಳಗೆ ಹೋದ್ವಿ ಅಂತ ಇಟ್ಕೊಳ್ಳಿ. ಹೆಂಗಸರು ಕೂರುವ ಜಾಗ ಎಲ್ಲಿ? ಹಳೇ ಸಿನಗಾಗ್‌ಗಳಲ್ಲಿ ಹೆಚ್ಚಾಗಿ ಮಹಡಿ ಮೇಲೆ! ಈ ಎಜ್ರತ್ ನಾಶಿಮ್, ಅಂದ್ರೆ ಹೆಂಗಸರ ಜಾಗದ ವಿಷಯವನ್ನು ಯಾರೂ ಮಾತಾಡುದೇ ಇಲ್ಲ, ನನಗೆ ಇದೇ ಎಲ್ಲಕ್ಕಿಂತ ಹೆಚ್ಚು ಕಾಡುದು. ವೀಲ್‌ಚೇರಿನ ಗಂಡಸಿಗೆ ಕೆಳಗೆ ಹೇಗೋ ಒಂದು ಮೂಲೆಯಲ್ಲಿ ಜಾಗ ಸಿಗ್ತದೆ, ವೀಲ್‌ಚೇರಿನ ಹೆಂಗಸಿಗೆ, ಮೊಣಗಂಟು ಹೋದ ಅಜ್ಜಿಗೆ, ಬಸುರಿಗೆ, ಇವರಿಗೆಲ್ಲ ಮಹಡಿ ಮೆಟ್ಟಿಲು. ನಮ್ಮ ಸಾವ್ತಾ ಮತ್ತು ಮಗಳು ಹೊರಗೆ ಅಂಗಳದಲ್ಲಿ ಕಿಟಕಿ ಪಕ್ಕ ಕೂತು ಕೇಳಿದ್ದುಂಟು, ಒಳಗೆ ಧರ್ಮಗ್ರಂಥದ ತೋರಾ ಸುರುಳಿ ತೆಗೆಯುವಾಗ ಎಲ್ಲರೂ ಎದ್ದು ನಿಲ್ಲುವ ಶಬ್ದ ಕೇಳ್ತದೆ, ಕಾಣುದಿಲ್ಲ. ಕೆಳಗಿನ ಹಾಲ್‌ನ ಹಿಂದೆ ಒಂದು ಪರದೆ ಕಟ್ಟಿ ನಾಲ್ಕು ಕುರ್ಚಿ ಮತ್ತು ಎರಡು ವೀಲ್‌ಚೇರ್ ಹಿಡಿಯುವ ಖಾಲಿ ಜಾಗ ಬಿಟ್ರೆ ಸಾಕು. ಪರದೆ ಎಷ್ಟು ಎತ್ತರ, ಯಾವ ಬಟ್ಟೆ ಅಂತ ನಿಮ್ಮ ರಬ್ಬಿಗಳು ತೀರ್ಮಾನ ಮಾಡ್ಲಿ, ನಾನು ಅದರಲ್ಲಿ ಬಾಯಿ ಹಾಕುದಿಲ್ಲ. ಆ ವೀಲ್‌ಚೇರ್ ಪಕ್ಕ ಇನ್ನೊಂದು ಕುರ್ಚಿ ಕೇರ್‌ಗಿವರ್‌ಗೆ ಇಡಿ. ಅವಳು ಹಬ್ಬದ ದಿನ ಜೊತೆಗೆ ಬಂದಿರ್ತಾಳೆ, ನಮ್ಮವಳಲ್ಲ ಅಂತ ಕಾರಿಡಾರ್‌ನಲ್ಲಿ ನಿಲ್ಲಿಸಿದ್ರೆ ಒಳಗಿರುವವರಿಗೆ ಎಂಜಲು ಗಂಟಲಿಗೆ ಸಿಕ್ಕಿ ಕೆಮ್ಮು ಬಂದಾಗ ಯಾರಿಗೂ ಎಂತ ಮಾಡ್ಬೇಕು ಅಂತ ಗೊತ್ತಾಗುದಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಕಿದ್ದೂಶ್ ತಿಂಡಿ ಕೊಡುವಾಗ ಅವಳಿಗೂ ಒಂದು ತಟ್ಟೆ ಕೊಡಿ.

ಮಾಡಿದವರು ಇದ್ದಾರೆ ಅಂತಲೇ ನಾನು ಧೈರ್ಯದಿಂದ ಕೇಳ್ತಿರುದು. ಯಾದ್ ಸಾರಾ ನೋಡಿ, 1976ರಲ್ಲಿ ಜೆರುಸಲೇಮಿನಲ್ಲಿ ಸುರು ಆದದ್ದು, ಇವತ್ತು ನಮ್ಮಂಥ ಕೇರ್‌ಗಿವರ್‌ಗಳಿಗೆ ಕೆಲಸದ ಮೊದಲ ವಾರದಲ್ಲೇ ಗೊತ್ತಾಗುವ ಹೆಸರು ಅದು. ಹೋಗಿ ಡೆಪಾಸಿಟ್ ಇಟ್ರೆ ವೀಲ್‌ಚೇರ್, ವಾಕರ್, ಕಮೋಡ್ ಕುರ್ಚಿ ಎಲ್ಲ ಎರವಲು ಸಿಗ್ತದೆ, ಕೊಡುವವರು ಹೆಚ್ಚಾಗಿ ಸಂಬಳ ಇಲ್ಲದೆ ಕೆಲಸ ಮಾಡುವ ವಾಲಂಟಿಯರ್‌ಗಳು, ಯಹೂದಿಯಾ ಅರಬ್ಬರಾ ಅಂತ ಕೇಳುದಿಲ್ಲ. ಆಕಿಮ್ ಅಂತ ಉಂಟು, 1951ರಲ್ಲಿ, ದೇಶ ಹುಟ್ಟಿ ಮೂರೇ ವರ್ಷ ಆಗಿದ್ದಾಗ, ಬುದ್ಧಿಮಾಂದ್ಯ ಮಕ್ಕಳ ಅಪ್ಪ ಅಮ್ಮಂದಿರೇ ಸೇರಿ ಕಟ್ಟಿದ್ದು. ಅಮೆರಿಕದಲ್ಲಿ ಇನ್ನೊಂದು ರೀತಿ. ಅಲ್ಲಿ 1990ರ ಅಂಗವಿಕಲರ ಕಾನೂನಿನಿಂದ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದ್ದಾರೆ, ಅಂದ್ರೆ ಸಿನಗಾಗಿಗೆ ರ‍್ಯಾಂಪ್ ಹಾಕಿ ಅಂತ ಆ ಕಾನೂನು ಒತ್ತಾಯ ಮಾಡುದಿಲ್ಲ, ಆದ್ರೂ ಅಲ್ಲಿಯ ಯಹೂದಿಗಳು 2009ರಿಂದ ಪ್ರತಿ ಫೆಬ್ರವರಿ ತಿಂಗಳು ಇದಕ್ಕೇ ಅಂತ ಇಟ್ಟು ಕೆಲಸ ಮಾಡ್ತಾರೆ, ಬೇಸಿಗೆ ಶಿಬಿರಗಳಲ್ಲಿ 1970ರಿಂದಲೇ ಅಂಗವಿಕಲ ಮಕ್ಕಳನ್ನು ಸೇರಿಸಿಕೊಂಡಿದ್ದಾರೆ. ಮಿಷಿಗನ್‌ನಲ್ಲಿ 1994ರಲ್ಲಿ ಹಬಾದ್ ಅನ್ನುವ ಯಹೂದಿ ಧಾರ್ಮಿಕ ಪಂಗಡದವರು ಸುರು ಮಾಡಿದ ಫ್ರೆಂಡ್‌ಶಿಪ್ ಸರ್ಕಲ್ ನನಗೆ ತುಂಬಾ ಇಷ್ಟ ಆದದ್ದು, ಹೈಸ್ಕೂಲ್ ಮಕ್ಕಳು ಮನೆಗೆ ಬಂದು ಅಂಗವಿಕಲ ಮಗುವಿನ ಜೊತೆ ಆಡ್ತಾರೆ, ಆಗ ಅಪ್ಪ ಅಮ್ಮನಿಗೆ ಒಂದೆರಡು ಗಂಟೆ ಉಸಿರು ಬಿಡ್ಲಿಕ್ಕೆ ಪುರುಸೊತ್ತು. ಎಷ್ಟು ಸಣ್ಣ ಕೆಲಸ, ಎಷ್ಟು ದೊಡ್ಡ ಉಪಕಾರ.

2019ರಲ್ಲಿ ಶಾಲ್ವಾ ಬ್ಯಾಂಡ್‌ನ ವಿಷಯ ನಿಮಗೆ ಗೊತ್ತೇ ಉಂಟು. ಅಂಗವಿಕಲ ಹಾಡುಗಾರರು, ಯುರೋವಿಷನ್ ಅನ್ನುವ ದೊಡ್ಡ ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆಗೆ ಇಸ್ರೇಲಿನಿಂದ ಹೋಗುವವರನ್ನು ಆರಿಸುವ ಸ್ಪರ್ಧೆಯ ಕೊನೇ ಹಂತಕ್ಕೆ ಬಂದವರು, ಆದ್ರೆ ರಿಹರ್ಸಲ್ ಶಬ್ಬಾತ್ ದಿನ ಬೀಳ್ತದೆ ಅಂತ ಹಿಂದೆ ಸರಿದ್ರು, ಮತ್ತೆ ಟೆಲ್ ಅವೀವ್‌ನಲ್ಲಿ ಸೆಮಿಫೈನಲ್ ದಿನ ಅತಿಥಿಗಳಾಗಿ ಹಾಡಿದ್ರು. ಶಬ್ಬಾತ್‌ಗಾಗಿ ಅಷ್ಟು ದೊಡ್ಡ ಅವಕಾಶ ಬಿಟ್ಟುಕೊಟ್ಟವರು ಅವರು. ಅಂಥವರಿಗೆ ಅದೇ ಶಬ್ಬಾತ್ ದಿನ ತಮ್ಮ ಬೀದಿಯ ಸಿನಗಾಗಿಗೆ ಹೋಗಿ ಕೂರ್ಲಿಕ್ಕೆ ಆಗ್ಬೇಕು ಅನ್ನುದು ಜಾಸ್ತಿ ಕೇಳಿದ ಹಾಗಾ?

ಇನ್ನೊಂದು ವಿಷಯ, ಇದು ಜೀವದ್ದು. 2021ರ ಮೇ ತಿಂಗಳಲ್ಲಿ ಅಶ್ಕೆಲೋನ್‌ನಲ್ಲಿ ರಾಕೆಟ್ ಬಿದ್ದು ಕೇರಳದ ಇಡುಕ್ಕಿಯ ಒಬ್ಬಳು ಕೇರ್‌ಗಿವರ್ ತೀರಿಕೊಂಡಳು, ನೋಡಿಕೊಳ್ತಿದ್ದ ಅಜ್ಜಿಯ ಮನೆಯಲ್ಲೇ. ಆ ಸುದ್ದಿ ಬಂದ ದಿನ ನಮ್ಮ ಊರಿನ ಎಷ್ಟು ಮನೆಯವರು ಇಲ್ಲಿಗೆ ಫೋನ್ ಮಾಡಿ ಅತ್ತರು. ಸೈರನ್ ಆದ ಮೇಲೆ ಸುರಕ್ಷಿತ ಜಾಗಕ್ಕೆ ಹೋಗ್ಲಿಕ್ಕೆ ಟೆಲ್ ಅವೀವ್ ಕಡೆ ಒಂದೂವರೆ ನಿಮಿಷ, ಅಶ್ಕೆಲೋನ್ ಕಡೆ ಅರ್ಧ ನಿಮಿಷ. ಗಲ್ಫ್ ಯುದ್ಧದ ನಂತರ ಕಟ್ಟಿದ ಮನೆಗಳಲ್ಲಿ ಮಮಾದ್ ಅಂತ ರಾಕೆಟ್‌ನಿಂದ ರಕ್ಷಣೆಗೆ ಗಟ್ಟಿ ಗೋಡೆಯ ಕೋಣೆ ಉಂಟು, ಹಳೇ ಬಿಲ್ಡಿಂಗ್‌ಗಳಲ್ಲಿ ಇಲ್ಲ, ಮತ್ತೆ ಮುದುಕರು, ಅಂಗವಿಕಲರು ತುಂಬಾ ಜನ ಇರುದು ಇಂಥ ಹಳೇ ಬಿಲ್ಡಿಂಗ್‌ನಲ್ಲೇ. ಮಲಗಿದವರನ್ನು ಹೊಯ್‌ಸ್ಟ್ ಹಾಕಿ ಎತ್ತಿ ಕುರ್ಚಿಯಲ್ಲಿ ಕೂರಿಸಿ ಲಿಫ್ಟ್ ಬಳಸದೆ ನೆಲಮಾಳಿಗೆಗೆ ಇಳಿಸ್ಲಿಕ್ಕೆ ಒಂದೂವರೆ ನಿಮಿಷ ಸಾಕಾ? 2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿ ಬರುವಾಗ ಎಷ್ಟೋ ಜನ ಕೇರ್‌ಗಿವರ್‌ಗಳು ಹಾಸಿಗೆಯನ್ನು ಕಿಟಕಿ ಇಲ್ಲದ ಗೋಡೆಯ ಬದಿಗೆ ಎಳೆದು ಅವರ ಕೈ ಹಿಡ್ಕೊಂಡು ಅಲ್ಲೇ ಕೂತದ್ದು, ಬಿಟ್ಟು ಓಡ್ಲಿಲ್ಲ. ನಿಮ್ಮ ಸಿನಗಾಗಿನ ಸುತ್ತ ಯಾವ ಮನೆಯಲ್ಲಿ ತಾನಾಗಿ ಏಳಲಿಕ್ಕೆ ಆಗದವರು ಇದ್ದಾರೆ, ಯಾವ ಮಹಡಿ, ಜೊತೆಗೆ ಯಾರಿದ್ದಾರೆ ಅಂತ ಒಂದು ಪಟ್ಟಿ ಕಮಿಟಿಯಲ್ಲಿ ಇರ್ಲಿ, ಅವರ ಒಪ್ಪಿಗೆ ತಗೊಂಡು. ಪಕ್ಕದ ಮನೆಯಲ್ಲಿ ಮಮಾದ್ ಇದ್ರೆ ಯುದ್ಧದ ದಿನಗಳಲ್ಲಿ ರಾತ್ರಿ ಅವರನ್ನು ಅಲ್ಲೇ ಮಲಗಿಸ್ಲಿಕ್ಕೆ ಆಗ್ತದಾ ಅಂತ ಮೊದಲೇ ಮಾತಾಡಿ ಇಡಿ, ಸೈರನ್ ಆದ ಮೇಲೆ ಮಾತಾಡ್ಲಿಕ್ಕೆ ಆಗುದಿಲ್ಲ.

ನಮ್ಮೂರಲ್ಲಿ ಎಲ್ಲ ಸರಿ ಉಂಟು ಅಂತ ನಾನು ಹೇಳುದಿಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಹೊಡೆದ ಕೊಕ್ಕಡದ ಕಡೆ ಎಷ್ಟೋ ಮನೆಗಳಲ್ಲಿ ಮೂವತ್ತು ವರ್ಷದ ಮಕ್ಕಳು ಇನ್ನೂ ಚಾಪೆ ಮೇಲೆ ಮಲಗಿದ್ದಾರೆ, ಅವರ ತಾಯಂದಿರು ಒಂದು ಮದುವೆಗೆ ಹೋದವರಲ್ಲ, ಒಂದು ಜಾತ್ರೆ ನೋಡಿದವರಲ್ಲ. ಅವರ ಬಾಯಲ್ಲಿ ಕೇಳಿದ ಮಾತನ್ನೇ ಸಾವ್ತಾ ಹೀಬ್ರೂದಲ್ಲಿ ಹೇಳ್ತಾರೆ, ನಾನು ಹೋದ ಮೇಲೆ ಇವಳನ್ನು ಯಾರು ನೋಡ್ತಾರೆ ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ, ನನ್ನ ವೀಸಾ 63 ತಿಂಗಳ ಲೆಕ್ಕದ್ದು, ಅದರ ಮೇಲೆ ಇವರ ಮನೆಯಲ್ಲೇ ಇದ್ರೆ ಮಾತ್ರ ಮುಂದುವರಿಸ್ಬಹುದು, ನಾನೂ ಒಂದು ದಿನ ಹೋಗುವವಳೇ. ಉಳಿಯುವವರು ನೀವು. ಮಗಳ ಹೆಸರು, ಅವಳಿಗೆ ಯಾವ ಪ್ರಾರ್ಥನೆ ಇಷ್ಟ, ಕಾಫಿ ಎಷ್ಟು ಬಿಸಿ ಇರ್ಬೇಕು ಅಂತ ಗೊತ್ತಿರುವ ಹತ್ತು ಜನ ಆ ಬೀದಿಯಲ್ಲಿ ಇದ್ದಾರೆ ಅಂತ ಸಾವ್ತಾಗೆ ಗೊತ್ತಾದ್ರೆ ಆ ಮುದುಕಿ ಒಂದು ರಾತ್ರಿಯಾದ್ರೂ ನೆಮ್ಮದಿಯಲ್ಲಿ ನಿದ್ದೆ ಮಾಡ್ತಾರೆ.

ಹಾಸಿಗೆ ಬಿಟ್ಟು ಏಳದವರು ಇದ್ದಾರೆ, ಅವರನ್ನು ಕರ್ಕೊಂಡು ಬರ್ಲಿಕ್ಕೆ ಆಗುದಿಲ್ಲ, ಅವರಲ್ಲಿಗೆ ನೀವೇ ಹೋಗಿ. ಹೊಸ ವರ್ಷದ ಹಬ್ಬ ರೋಶ್ ಹಶನಾಕ್ಕೆ ಮನೆಗೇ ಬಂದು ಶೋಫಾರ್ (ಟಗರಿನ ಕೊಂಬು) ಊದುವವರು ಕೆಲವು ಕಡೆ ಇದ್ದಾರೆ, ಎಲ್ಲ ಕಡೆ ಇರ್ಲಿ. ಪೂರಿಮ್ ಹಬ್ಬದಲ್ಲಿ ಎಸ್ತರ್ ರಾಣಿಯ ಕತೆಯ ಸುರುಳಿ ಓದುವಾಗಿನ ಗಲಾಟೆ ಶಬ್ದ ತಡೆಯಲಿಕ್ಕಾಗದ ಆಟಿಸಂ ಮಕ್ಕಳಿಗೆ ಅದೇ ದಿನ ಬೇರೆ ಹೊತ್ತಲ್ಲಿ, ಗದ್ದಲ ಇಲ್ಲದೆ, ಆ ಸುರುಳಿ ಒಮ್ಮೆ ಓದಿ.

ತಿಶ್ರೀ ತಿಂಗಳ (ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಬರುವ ಯಹೂದಿ ತಿಂಗಳು) ಹಬ್ಬಕ್ಕೆ ಸೀಟಿನ ಲಿಸ್ಟ್ ಮಾಡ್ತೀರಲ್ಲ, ಈ ಸಲ ಅದನ್ನು ಬರೆಯುವ ಮೊದಲು ನಿಮ್ಮ ಬೀದಿಯಲ್ಲಿ ಮೆತಪೆಲೆತ್ ಇರುವ ಮನೆಗಳಿಗೆ ಒಂದು ಸುತ್ತು ಹೋಗಿ, ಬಾಗಿಲು ತೆಗೆದವಳ ಹತ್ರವೂ ಎರಡು ಮಾತು ಕೇಳಿ, ಅವಳ ರಜೆ ಯಾವಾಗ, ಆ ದಿನ ಮನೆಯಲ್ಲಿ ಯಾರು ಅಂತ. ಪಾಳಿಗೆ ಜನ ಸಿಕ್ಕಿದ್ರೆ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಕಳಿಸಿ, ಆ ಹೊತ್ತಿಗೆ ಸಾವ್ತಾ ಸ್ನಾನಕ್ಕೆ ಹೋಗ್ತಾರೆ, ಮಗಳು ಎದ್ದಿರ್ತಾರೆ, ಜೋಲಿ ಹೇಗೆ ಹಾಕುದು ಅಂತ ನಾನು ತೋರಿಸಿಕೊಡ್ತೇನೆ.

ಇಂತಿ,
ಬೆಳ್ತಂಗಡಿ ಕಡೆಯ ಒಬ್ಬಳು ಕೇರ್‌ಗಿವರ್